ಹುಳದ ಡಾಕ್ಟ್ರ ಫೆಲೋಶಿಪ್ಪು

ಅಷ್ಟೆಲ್ಲ ರಾದ್ಧಾಂತ ಶುರುವಾದದ್ದು ಹೆಂಡತಿ ಪುಟ ಎಣಿಸಿದ್ದರಿಂದ. ಆಕೆ ಶಾಲೆಯಲ್ಲಿ ಗಣಿತ ಕಲಿಸುವವಳು. ಎಣಿಸದೆ ಯಾವುದನ್ನೂ ಕೈಯಿಂದ ಬಿಡುವವಳಲ್ಲ. ಬೆಳಿಗ್ಗೆ ಏಳೂಕಾಲಕ್ಕೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿರುವಾಗ, ಮೇಜಿನ ಮೇಲಿದ್ದ ಗಂಡನ ಅರ್ಜಿ ಕಣ್ಣಿಗೆ ಬಿತ್ತು. ಎತ್ತಿಕೊಂಡಳು, ಬೆರಳಿಗೆ ಎಂಜಲು ಹಚ್ಚಿದಳು, ಎಣಿಸಿದಳು.

"ರೀ, ಅನುಬಂಧ ಎಂಟು ಇರಬೇಕು ಅಂತ ಮೊದಲನೇ ಪುಟದಲ್ಲೇ ಬರೆದಿದೆ. ಇಲ್ಲಿ ಏಳೇ ಇವೆ. ಆರು ಆದಮೇಲೆ ಎಂಟಕ್ಕೆ ಹಾರಿದೀರಿ. ಏಳನೇದು ಎಲ್ಲಿ?"

ಒಲೆಯ ಮುಂದೆ ನಿಂತು ಟೀ ಸೋಸುತ್ತಿದ್ದ ಗಂಡ ಸೋಸುವುದನ್ನು ನಿಲ್ಲಿಸಿದರು. ಮೂರು ತಿಂಗಳು ಕುಳಿತು ತಯಾರಿಸಿದ ಅರ್ಜಿ ಅದು. ನಲವತ್ತಾರು ಪುಟ. ಇವತ್ತು ಸಂಜೆ ಐದಕ್ಕೆ ಕಚೇರಿಯ ಬಾಗಿಲು ಹಾಕುವುದರೊಳಗೆ ಖುದ್ದಾಗಿ ಒಪ್ಪಿಸಬೇಕಿತ್ತು.

ಈ ಗಂಡನನ್ನು ಹನ್ನೆರಡು ಮನೆಗಳ ಆ ಕಟ್ಟಡದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹುಳದ ಡಾಕ್ಟ್ರು ಎಂದು. ಸೋಂಕು ಜೀವಶಾಸ್ತ್ರ ಅವರ ವಿಷಯ. ಎಂದರೆ, ಬರಿಗಣ್ಣಿಗೆ ಕಾಣದ ರೋಗಾಣುಗಳು ಮನುಷ್ಯನ ಮೈಯೊಳಗೆ ಹೇಗೆ ನುಗ್ಗುತ್ತವೆ, ಎಲ್ಲಿ ಕೂರುತ್ತವೆ, ಏನು ತಿನ್ನುತ್ತವೆ ಎಂದು ನೋಡುತ್ತ ಕೂರುವ ಕೆಲಸ. ಡಾಕ್ಟ್ರು ಎಂದಮೇಲೆ ಕೆಮ್ಮಿಗೆ ಒಂದು ಮಾತ್ರೆಯನ್ನಾದರೂ ಬರೆದುಕೊಡಬೇಡವೇ ಎಂಬುದು ನೆರೆಹೊರೆಯವರ ಅಸಮಾಧಾನ. ಅದನ್ನು ಅವರು ಒಂಬತ್ತು ವರ್ಷದಿಂದಲೂ ಕ್ಷಮಿಸಿರಲಿಲ್ಲ.

ಸಂಶೋಧನೆಗೆ ಹಣ ಕೊಡುವ ಈ ಫೆಲೋಶಿಪ್ಪಿನ ಮೇಲೆ ಡಾಕ್ಟ್ರು ಜೀವವನ್ನೇ ಇಟ್ಟುಕೊಂಡಿದ್ದರು. ಪ್ರಯೋಗಾಲಯದಲ್ಲಿ ಅವರದು ಗುತ್ತಿಗೆಯ ಕೆಲಸ. ಈ ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತಿತ್ತು. ಅರ್ಜಿ ಹಾಕುವವರಿಗೆ ಮೂವತ್ತೈದು ತುಂಬಿರಬಾರದು ಎಂಬುದು ನಿಯಮ. ಅವರಿಗೆ ಬರುವ ಮಂಗಳವಾರ ಮೂವತ್ತೈದು ತುಂಬುತ್ತಿತ್ತು. ಇದು ತಪ್ಪಿದರೆ ಮುಂದಿನ ದಾರಿ ಒಂದೇ, ಮಾವನ ಫಿನಾಯಿಲ್ ಕಾರ್ಖಾನೆ. "ಅಳಿಯಂದಿರೇ, ಇಷ್ಟು ವರ್ಷ ಹುಳ ಸಾಕಿದ್ದಾಯ್ತು. ಇನ್ನು ಕೊಲ್ಲೋದಕ್ಕೆ ನಮ್ಮ ಕಡೆ ಬನ್ನಿ" ಎಂದು ಮಾವ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ಮಾರಾಟ ವಿಭಾಗದಲ್ಲಿ ಒಂದು ಕುರ್ಚಿಯನ್ನೂ ಒರೆಸಿ ಇಟ್ಟಿದ್ದರಂತೆ.

ಡಾಕ್ಟ್ರು ನಿಯಮಾವಳಿ ತೆರೆದು ನೋಡಿದರು. ಅನುಬಂಧ ಏಳು ಇತ್ತು. ತೀರ ಸಣ್ಣ ಅಕ್ಷರದಲ್ಲಿ, ಪುಟದ ತಳದಲ್ಲಿ. 'ಸಂಶೋಧನೆಯ ವಿವರವನ್ನು ಒಂದು ಪುಟ ಮೀರದಂತೆ ಸರಳ ಭಾಷೆಯಲ್ಲಿ ಬರೆದು, ವಿಜ್ಞಾನ ಓದಿರದ ಒಬ್ಬ ವ್ಯಕ್ತಿಗೆ ಓದಲು ಕೊಡತಕ್ಕದ್ದು. ಅವರು ತಮಗೆ ಅರ್ಥವಾದದ್ದನ್ನು ತಮ್ಮ ಕೈಬರಹದಲ್ಲೇ ಮೂರು ವಾಕ್ಯಗಳಲ್ಲಿ ಬರೆದು ಸಹಿ ಮಾಡತಕ್ಕದ್ದು. ಅರ್ಜಿದಾರರ ಸಂಬಂಧಿಕರು ಮತ್ತು ಸಹೋದ್ಯೋಗಿಗಳು ಸಹಿ ಮಾಡುವಂತಿಲ್ಲ.'

"ಅಯ್ಯೋ, ಇಷ್ಟೇನಾ" ಎಂದರು ಡಾಕ್ಟ್ರು. ಕುಳಿತು ಇಪ್ಪತ್ತು ನಿಮಿಷದಲ್ಲಿ ಬರೆದೂಬಿಟ್ಟರು. ಹೆಂಡತಿ ಓದಿದಳು. ಮೊದಲನೆಯ ವಾಕ್ಯ ಎಂಟು ಸಾಲಿತ್ತು. ಆರನೆಯ ಸಾಲಿಗೆ ಬರುವ ಹೊತ್ತಿಗೆ ಮೊದಲನೆಯ ಸಾಲಿನಲ್ಲಿ ಯಾರಿದ್ದರು ಎಂದು ಮರೆತುಹೋಗುತ್ತಿತ್ತು.

"ಇದನ್ನ ಬರೆದವರಿಗಾದ್ರೂ ಅರ್ಥ ಆಗಿದೆಯಾ? ಪಕ್ಕದ ಮನೆಯವರಿಗೆ ಹೇಳ್ತೀರಲ್ಲ, ಹಾಗೆ ಬರೀರಿ."

ಡಾಕ್ಟ್ರು ಹರಿದು ಹಾಕಿ ಮತ್ತೆ ಬರೆದರು. ಟೈಫಾಯ್ಡ್ ಬಂದು ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ಅದರ ರೋಗಾಣು ಸದ್ದಿಲ್ಲದೆ ಉಳಿದುಬಿಡುತ್ತದೆ. ಇವರಿಗೆ ವಾಹಕರು ಎಂದು ಹೆಸರು. ನೋಡಲು ಗಟ್ಟಿಮುಟ್ಟಾಗಿರುತ್ತಾರೆ, ಜ್ವರವಿಲ್ಲ, ನೋವಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಆದರೆ ಅವರು ಅಡುಗೆ ಮಾಡಿ ಬಡಿಸಿದರೆ ಉಂಡವರಿಗೆ ಕಾಯಿಲೆ ಬರಬಹುದು. ರೋಗಾಣು ಅಷ್ಟು ವರ್ಷ ಹೇಗೆ ಅಡಗಿ ಕೂರುತ್ತದೆ ಎಂದು ಕಂಡುಹಿಡಿಯುವುದೇ ಈ ಸಂಶೋಧನೆಯ ಉದ್ದೇಶ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬರೆಯುವ ಹುಮ್ಮಸ್ಸಿನಲ್ಲಿ ಕೊನೆಗೊಂದು ವಾಕ್ಯ ಸೇರಿಸಿದರು: 'ಅಂಥವರೊಬ್ಬರು ನಿಮ್ಮ ಪಕ್ಕದ ಮನೆಯಲ್ಲೇ ಇರಬಹುದು.'

"ಈಗ ಚೆನ್ನಾಗಿದೆ" ಎಂದು ಹೆಂಡತಿ ಶಾಲೆಗೆ ಹೋದಳು.

ಡಾಕ್ಟ್ರು ಹಾಳೆ ಹಿಡಿದು ಕೆಳಗಿಳಿದರು. ಕಟ್ಟಡದ ತಳದಲ್ಲಿ ದರ್ಜಿಯ ಅಂಗಡಿ. ದರ್ಜಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅನುಬಂಧ ಏಳಕ್ಕೆ ಅಳತೆ ಕೊಟ್ಟು ಹೊಲಿಸಿದಂಥ ಮನುಷ್ಯ. ಕೊರಳಲ್ಲಿ ಟೇಪು ನೇತುಹಾಕಿಕೊಂಡು ಅವನು ಇಡೀ ಪುಟವನ್ನು ಓದಿದ. ಮತ್ತೊಮ್ಮೆ ಓದಿದ. ಕತ್ತರಿಯನ್ನು ಪಕ್ಕಕ್ಕಿಟ್ಟ.

"ಡಾಕ್ಟ್ರೇ, ಪಕ್ಕದ ಮನೆ ಅಂದ್ರೆ ಎಡಗಡೆದೋ ಬಲಗಡೆದೋ?"

"ಎರಡೂ ಅಲ್ಲ. ಅದು ಮಾತಿಗೆ ಹೇಳಿದ್ದು."

"ಮಾತಿಗೆ ಹೇಳೋದಾದ್ರೆ ಬಾಯಲ್ಲಿ ಹೇಳ್ತಿದ್ರಿ. ನೀವು ಬರೆದಿದೀರಿ. ಎಡಗಡೆ ಕ್ಷೌರದವನು, ಬಲಗಡೆ ಬ್ರೆಡ್ ಅಂಗಡಿಯವನು. ನಾನಿದಕ್ಕೆ ಸಹಿ ಹಾಕಿದ್ರೆ ನಾಳೆ ಇಬ್ಬರೂ ನನ್ನ ಮೇಲೇ ಬರ್ತಾರೆ. ಕೆಳಗೆ ಇರೋದು ನನ್ನ ಹೆಸರು ತಾನೇ?"

ಎಷ್ಟು ಹೇಳಿದರೂ ದರ್ಜಿ ಜಗ್ಗಲಿಲ್ಲ. "ಯಾರ ಹತ್ರಾನೂ ಹೇಳಲ್ಲ, ನೀವು ನಿಶ್ಚಿಂತೆಯಾಗಿರಿ" ಎಂದು ಮಾತ್ರ ಮಾತು ಕೊಟ್ಟ. ಡಾಕ್ಟ್ರು ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಹೋಗುವಷ್ಟು ಹೊತ್ತು ಆ ಮಾತು ಉಳಿಯಿತು.

ಮೂರನೆಯ ಮಹಡಿಯಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುವ ಒಬ್ಬ ಹೆಂಗಸಿದ್ದರು. ಓದುವ ಹುಚ್ಚಿನವರು. ಔಷಧಿ ಡಬ್ಬಿಯ ಹಿಂದಿನ ಬರಹವನ್ನೂ ಬಿಡದೆ ಓದುವರು. ಅವರು ಡಾಕ್ಟ್ರನ್ನು ಕೂರಿಸಿ, ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದುತ್ತ ಹೋದಂತೆ ಮುಖ ಅರಳುತ್ತ ಬಂತು. ಡಾಕ್ಟ್ರ ಮುಖವೂ ಅರಳಿತು.

"ಅರ್ಥ ಆಯ್ತಾ ದೊಡ್ಡಮ್ಮ?"

"ಅರ್ಥ ಆಗದೆ ಏನು? ನನಗೆ ಮೊದಲೇ ಅನುಮಾನ ಇತ್ತು. ಎರಡನೇ ಮಹಡಿಯವಳು ಹೋದ ವಾರ ಕರೆದು ಟೀ ಕೊಟ್ಟಳು ನೋಡು, ಅವತ್ತಿಂದ ಹೊಟ್ಟೆ ಸರಿ ಇಲ್ಲ."

"ದೊಡ್ಡಮ್ಮ, ಅದು ಬರೀ ಉದಾಹರಣೆ."

"ಉದಾಹರಣೆ ಆಕಾಶದಿಂದ ಉದುರುತ್ತಾ? ನೀನು ಸಂಕೋಚದವನು, ಹೆಸರು ಬರೆದಿಲ್ಲ. ನಾನು ಬರೀತೀನಿ, ತಾ ಪೆನ್ನು."

ಬರೆದೂಬಿಡುತ್ತಿದ್ದರು. ಡಾಕ್ಟ್ರು ಹಾಳೆ ಕಸಿದುಕೊಂಡು ಕಾಲಿಗೆ ಬುದ್ಧಿ ಹೇಳಿದರು. ಎರಡನೆಯ ಮಹಡಿಗೆ ಇಳಿಯುವಷ್ಟರಲ್ಲಿ ಅಲ್ಲಿನ ಮೂರೂ ಮನೆಗಳ ಬಾಗಿಲು ತೆರೆದಿದ್ದವು. ದರ್ಜಿಯ ಬಳಿ ಬಟ್ಟೆ ತೆಗೆದುಕೊಳ್ಳಲು ಹೋಗಿದ್ದ ಒಬ್ಬಾಕೆ ಆಗಲೇ ಬಂದು ಹೇಳಿಯಾಗಿತ್ತು. ಕಟ್ಟಡದಲ್ಲಿ ಯಾರದೋ ಹೊಟ್ಟೆಯಲ್ಲಿ ಹುಳ ಅಡಗಿದೆಯಂತೆ, ಡಾಕ್ಟ್ರಿಗೆ ಗೊತ್ತಿದೆಯಂತೆ, ಹೇಳುತ್ತಿಲ್ಲವಂತೆ, ಕಾಗದದಲ್ಲಿ ಬರೆದು ಇಟ್ಟುಕೊಂಡಿದ್ದಾರಂತೆ.

"ಒಂದು ನಿಮಿಷ ನಿಲ್ಲಿ."

ಆ ದನಿ ಕೇಳಿದರೆ ಓಡುವವರೂ ನಿಲ್ಲುತ್ತಿದ್ದರು. ಕಟ್ಟಡದ ಸಂಘದ ಸೆಕ್ರೆಟರಿ. ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗಲೂ ಎದುರಿಗೆ ಬಂದವರನ್ನು ಟಿಕೆಟ್ ಇಲ್ಲದವರೆಂದೇ ಮೊದಲು ಭಾವಿಸುವರು. ಕೈ ಚಾಚಿದರು. ಡಾಕ್ಟ್ರು ಹಾಳೆ ಕೊಟ್ಟರು. ಸೆಕ್ರೆಟರಿ ಅದನ್ನು ಬೆಳಕಿಗೆ ಹಿಡಿದು ಓದಿ, ಹಿಂದೆ ತಿರುಗಿಸಿ ನೋಡಿದರು.

"ಎಲ್ಲರೂ ಕೆಳಗೆ ಬನ್ನಿ" ಎಂದರು.

ಒಂಬತ್ತೂವರೆಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ತುರ್ತು ಸಭೆ. ಕೆಲಸಕ್ಕೆ ಹೋಗಬೇಕಾದವರೂ ನಿಂತಿದ್ದರು. ಇಂಥ ಸಭೆಯನ್ನು ಬಿಟ್ಟು ಯಾರು ತಾನೇ ಹೋಗುತ್ತಾರೆ? ದೊಡ್ಡಮ್ಮ ಎರಡನೆಯ ಮಹಡಿಯವಳನ್ನು ನೋಡಿದರು. ಎರಡನೆಯ ಮಹಡಿಯವಳು ಮೊದಲನೆಯ ಮಹಡಿಯವಳನ್ನು ನೋಡಿದಳು. ಮೊದಲನೆಯ ಮಹಡಿಯವಳು ತನ್ನ ಅತ್ತೆಯನ್ನು ನೋಡಿದಳು. ಹತ್ತು ನಿಮಿಷದಲ್ಲಿ, ಹೋದ ಐದು ವರ್ಷದಲ್ಲಿ ಯಾರಿಗೆ ಯಾರ ಮನೆಯಲ್ಲಿ ಉಂಡು ಹೊಟ್ಟೆ ಕೆಟ್ಟಿತ್ತು ಎಂಬ ಲೆಕ್ಕವೆಲ್ಲ ಹೊರಗೆ ಬಂತು.

"ನೋಡಿ, ಈ ಕಟ್ಟಡದಲ್ಲಿ ವಾಹಕರು ಇದಾರೆ ಅಂತ ನಾನು ಹೇಳಿಲ್ಲ" ಎಂದು ಡಾಕ್ಟ್ರು ಕೈ ಮುಗಿದರು. "ಸಾವಿರಾರು ಜನರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ನಮಗೆ ಏಳು ವರ್ಷದಿಂದ ಹುಡುಕಿದ್ರೂ ಒಬ್ಬರೂ ಸಿಕ್ಕಿಲ್ಲ."

"ಇದ್ದಾರೋ ಇಲ್ವೋ ಅಂತ ಗೊತ್ತಾಗೋದು ಹೇಗೆ?" ಎಂದರು ಸೆಕ್ರೆಟರಿ.

ಡಾಕ್ಟ್ರಿಗೊಂದು ದೌರ್ಬಲ್ಯವಿತ್ತು. ಯಾರಾದರೂ ಅವರ ವಿಷಯದ ಬಗ್ಗೆ ಪ್ರಶ್ನೆ ಕೇಳಿದರೆ ಸಾಕು, ಸಂದರ್ಭ ಮರೆತು ಪಾಠ ಶುರುಮಾಡುವರು. ಪಿತ್ತಕೋಶದಿಂದ ಕರುಳಿಗೆ, ಕರುಳಿನಿಂದ ಹೊರಕ್ಕೆ ಎಂದು ಕೈಯಲ್ಲೇ ಚಿತ್ರ ಬಿಡಿಸಿ ತೋರಿಸಿದರು. ಮಲದ ಮಾದರಿ ಒಂದು ಚಮಚದಷ್ಟಿದ್ದರೂ ಸಾಕು, ಪ್ರಯೋಗಾಲಯದ ಪಿಸಿಆರ್ ಯಂತ್ರದಲ್ಲಿ ಮೂರು ಗಂಟೆಯಲ್ಲಿ ಹೇಳಿಬಿಡಬಹುದು ಎಂದರು. ಹೇಳಿ ಮುಗಿಸಿದಮೇಲೆ ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಅವರ ಗಮನಕ್ಕೆ ಬಂತು.

"ಮೂರೇ ಗಂಟೆಯಾ?" ಎಂದರು ಸೆಕ್ರೆಟರಿ. "ಹಾಗಾದ್ರೆ ಪ್ರತಿ ಮನೆಯಲ್ಲಿ ಅಡುಗೆ ಮಾಡೋರದು ಒಂದೊಂದು. ನೀವು ಪರೀಕ್ಷೆ ಮಾಡಿ. ನಿಮ್ಮ ಕಾಗದಕ್ಕೆ ನಾನು ಸಹಿ ಹಾಕ್ತೀನಿ."

"ಈಗಲೇ ಹಾಕಿಬಿಡಿ ಸಾರ್. ಅರ್ಥ ಆಗಿದೆಯಲ್ಲ."

"ಅರ್ಧ ಅರ್ಥ ಆಗಿದೆ. ಯಾರು ಅನ್ನೋದು ಗೊತ್ತಾಗದೆ ಪೂರ್ತಿ ಹೇಗೆ ಆಗುತ್ತೆ? ಮೂವತ್ತೊಂದು ವರ್ಷದಲ್ಲಿ ನೋಡದೇ ಇರೋದಕ್ಕೆ ನಾನು ಒಂದು ಗೀಟು ಎಳೆದಿಲ್ಲ."

ಡಾಕ್ಟ್ರು ಗಡಿಯಾರ ನೋಡಿಕೊಂಡರು. ಹತ್ತು ಗಂಟೆ. ಹನ್ನೆರಡರೊಳಗೆ ಮಾದರಿ ಸಿಕ್ಕರೆ ಮೂರಕ್ಕೆ ಫಲಿತಾಂಶ. ಮೂರೂವರೆಗೆ ಸಹಿ. ಐದಕ್ಕೆ ಅರ್ಜಿ. ಬೇರೆ ಯಾರನ್ನಾದರೂ ಹುಡುಕೋಣವೆಂದರೆ ಇಡೀ ಬೀದಿಗೆ ಸುದ್ದಿ ಹಬ್ಬಿ, ಆ ಹಾಳೆಯನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಪ್ಪಿಕೊಂಡರು.

"ನಮ್ಮ ಮನೆದು ಬಿಟ್ಟು ಹನ್ನೊಂದು" ಎಂದರು.

"ಸರಿ. ತಪಾಸಣೆ ಮಾಡೋರಿಗೆ ಟಿಕೆಟ್ ಕೇಳೋ ಪದ್ಧತಿ ನಮ್ಮಲ್ಲೂ ಇರಲಿಲ್ಲ" ಎಂದು ಸೆಕ್ರೆಟರಿ ಒಪ್ಪಿದರು.

ಅಡುಗೆ ಮಾಡುವವರು ಯಾರು ಎಂಬುದೇ ಮೊದಲನೆಯ ತೊಡಕಾಯಿತು. ಇಪ್ಪತ್ತು ವರ್ಷದಿಂದ 'ನಮ್ಮ ಮನೇಲಿ ಸಂಜೆ ಟೀ ನಂದೇ' ಎಂದು ಕೊಚ್ಚಿಕೊಳ್ಳುತ್ತಿದ್ದ ನಾಲ್ಕನೆಯ ಮಹಡಿಯ ಗಂಡಸು, ತಾನು ಒಲೆ ಹಚ್ಚುವುದನ್ನೇ ಅರಿಯೆ ಎಂದ. ಒಂದು ಮನೆಯಲ್ಲಿ ಅತ್ತೆ ಸೊಸೆಯತ್ತ ಬೆರಳು ಮಾಡಿದರು, ಸೊಸೆ ಅತ್ತೆಯತ್ತ ಮಾಡಿದಳು. ಅಡುಗೆಮನೆಯ ಯಜಮಾನಿಕೆಗಾಗಿ ಆ ಮನೆಯಲ್ಲಿ ಹಿಂದಿನ ದಿನದವರೆಗೂ ಜಗಳವಿತ್ತು.

ಎರಡನೆಯ ತೊಡಕು ಇನ್ನೂ ದೊಡ್ಡದು. ಹನ್ನೊಂದು ಮನೆಗಳಲ್ಲಿ ಒಂಬತ್ತು ಮನೆಯವರು ಬೆಳಗಿನ ಕೆಲಸವನ್ನು ಆಗಲೇ ಮುಗಿಸಿದ್ದರು. ಸೆಕ್ರೆಟರಿ ಕೆಳಗೆ ಕುರ್ಚಿ ಹಾಕಿಕೊಂಡು, ಪಟ್ಟಿ ಹಿಡಿದು ಕುಳಿತರು. ಹದಿನೈದು ನಿಮಿಷಕ್ಕೊಮ್ಮೆ ಕತ್ತೆತ್ತಿ ಕೂಗುವರು.

"ಮೊದಲನೇ ಮಹಡಿ ಎಡಗಡೆ, ಏನಾಯ್ತು?"

"ಪ್ರಯತ್ನ ನಡೀತಿದೆ."

"ನಾಲ್ಕನೇ ಮಹಡಿ?"

"ಎರಡು ಲೋಟ ಬಿಸಿನೀರು ಕುಡಿದಿದಾರೆ. ಇನ್ನೂ ಸೂಚನೆ ಇಲ್ಲ."

ದೊಡ್ಡಮ್ಮನದು ಎಲ್ಲಕ್ಕಿಂತ ಮೊದಲು ಬಂತು. ಜಾಮ್ ಬಾಟಲಿಯಲ್ಲಿ ಹಾಕಿ, ಮೇಲೆ ಹೆಸರು, ಮಹಡಿ, ಸಮಯ ಬರೆದು ಅಂಟಿಸಿದ್ದರು. ಉಳಿದವು ಒಂದೊಂದಾಗಿ ಇಳಿದುಬಂದವು. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿ, ಜೇನಿನ ಶೀಷೆ, ಗುಂಡಿ ಹಾಕಿಡುವ ತಗಡಿನ ಪೆಟ್ಟಿಗೆ. ಯಾರೋ ಒಬ್ಬರು ಮರ್ಯಾದೆಯ ದೃಷ್ಟಿಯಿಂದ ಬಣ್ಣದ ಕಾಗದ ಸುತ್ತಿ ರಿಬ್ಬನ್ನು ಕಟ್ಟಿದ್ದರು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ನಾಲ್ಕನೆಯ ಮಹಡಿಯಿಂದ ಚಪ್ಪಾಳೆ ಕೇಳಿಸಿತು. ಸೆಕ್ರೆಟರಿ ಪಟ್ಟಿಯಲ್ಲಿ ಹನ್ನೊಂದನೆಯ ಗೀಟು ಎಳೆದರು.

ಡಾಕ್ಟ್ರು ಹನ್ನೊಂದನ್ನೂ ಹೆಂಡತಿಯ ತರಕಾರಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಪಕ್ಕದ ಸೀಟಿನವರು ಎರಡು ಸಲ ಮೂಗು ಮುಚ್ಚಿಕೊಂಡು, ಮೂರನೆಯ ಸಲ ಎದ್ದು ಹೋದರು.

ಪ್ರಯೋಗಾಲಯದಲ್ಲಿ ಮಧ್ಯಾಹ್ನದ ಮೌನವಿತ್ತು. ಗಾಳಿ ಶೋಧಿಸುವ ಗಾಜಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಒಬ್ಬಳೇ ಕುಳಿತು ಹೆಸರಿನ ಚೀಟಿ ಅಂಟಿಸುತ್ತಿದ್ದವಳು ಕಿರಿಯ ಸಹೋದ್ಯೋಗಿ. ಇಪ್ಪತ್ತೇಳರ ಹುಡುಗಿ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ವಾಹಕರ ಮೇಲೆಯೇ ಅವಳೂ ಈ ಫೆಲೋಶಿಪ್ಪಿಗೆಂದು ಅರ್ಜಿ ಬರೆದಿದ್ದಳು. ಆದರೆ ಒಂದು ಪ್ರಯೋಗಾಲಯಕ್ಕೆ ಒಂದೇ ಅರ್ಜಿ. ಮುಖ್ಯಸ್ಥೆ ಪ್ರೊಫೆಸರಮ್ಮ "ನಿನಗಿನ್ನೂ ವರ್ಷಗಳಿವೆ, ಅವರಿಗೆ ಇದೇ ಕೊನೆ" ಎಂದು ಡಾಕ್ಟ್ರ ಹೆಸರನ್ನೇ ಆರಿಸಿದ್ದರು. ಹುಡುಗಿ "ಆಯ್ತು ಮೇಡಂ" ಎಂದಿದ್ದಳು, ಅಷ್ಟೇ.

ಈಗ ಚೀಲದಿಂದ ಒಂದೊಂದೇ ಬಾಟಲಿ ಹೊರಗೆ ಬರುವುದನ್ನು ಅವಳು ನೋಡಿದಳು. ರಿಬ್ಬನ್ನು ಕಟ್ಟಿದ್ದನ್ನೂ ನೋಡಿದಳು. ಏನೂ ಕೇಳದೆ ಕೈಗವಸು ತೊಟ್ಟು ಸಹಾಯಕ್ಕೆ ಬಂದಳು.

"ಸರ್, ಕಂಟ್ರೋಲ್ ಮುಗಿದಿದೆ. ಹೊಸದು ಸೋಮವಾರ ಬರುತ್ತೆ."

ಪರೀಕ್ಷಿಸುವ ಮಾದರಿಗಳ ಜೊತೆಗೆ, ರೋಗಾಣು ಇಲ್ಲವೇ ಇಲ್ಲ ಎಂದು ಗೊತ್ತಿರುವ ಒಂದು ಮಾದರಿಯನ್ನೂ ಯಂತ್ರಕ್ಕೆ ಹಾಕುವುದು ಆ ಕಸುಬಿನ ರೂಢಿ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಅದು 'ಇಲ್ಲ' ಎಂದು ತೋರಿಸಿದರೆ ಯಂತ್ರ ನಿಜ ಹೇಳುತ್ತಿದೆ ಎಂದರ್ಥ. ಸೋಮವಾರದವರೆಗೆ ಕಾಯುವ ಸ್ಥಿತಿಯಲ್ಲಿ ಡಾಕ್ಟ್ರು ಇರಲಿಲ್ಲ. "ಒಂದು ಕಂಟ್ರೋಲಿಗೆ ಬರಗಾಲವೇ? ಇರು, ಬಂದೆ" ಎಂದು ಒಂದು ಖಾಲಿ ಶೀಷೆ ಎತ್ತಿಕೊಂಡು ಹೋಗಿ, ಹತ್ತು ನಿಮಿಷದಲ್ಲಿ ಬಂದರು. ಹನ್ನೆರಡೂ ಯಂತ್ರದೊಳಗೆ ಹೋದವು.

ಆಮೇಲಿನ ಎರಡೂವರೆ ಗಂಟೆಯಲ್ಲಿ ಸೆಕ್ರೆಟರಿಯಿಂದ ಒಂಬತ್ತು ಫೋನು ಬಂದವು, ದೊಡ್ಡಮ್ಮನಿಂದ ಆರು. "ಎರಡನೇ ಮಹಡಿಯವಳದು ಎರಡು ಸಲ ನೋಡು, ಅವಳು ತುಂಬ ಚಾಲಾಕಿ" ಎಂದರು ದೊಡ್ಡಮ್ಮ. ಮಾವನೂ ಫೋನು ಮಾಡಿ, ಕುರ್ಚಿಯ ಜೊತೆಗೆ ಈಗ ಫ್ಯಾನೂ ಹಾಕಿಸಿದ್ದೇವೆ ಎಂದರು. ಡಾಕ್ಟ್ರು ಎಲ್ಲರಿಗೂ ಹೂಂಗುಟ್ಟುತ್ತ, ಕಾರಿಡಾರಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು.

ಮೂರಕ್ಕೆ ಪರದೆಯ ಮೇಲೆ ಗೆರೆಗಳು ಮೂಡಿದವು. ರೋಗಾಣು ಇದ್ದರೆ ಗೆರೆ ಮೇಲಕ್ಕೇರಬೇಕು, ಇಲ್ಲದಿದ್ದರೆ ಮಲಗಿರಬೇಕು. ದೊಡ್ಡಮ್ಮನದು ಮಲಗಿತ್ತು. ಎರಡನೆಯ ಮಹಡಿಯವಳದು ಮಲಗಿತ್ತು. ಅತ್ತೆ-ಸೊಸೆಯ ಮನೆಯದು, ರಿಬ್ಬನ್ನಿನದು, ಹನ್ನೊಂದೂ ಮಲಗಿದ್ದವು. ಡಾಕ್ಟ್ರು ಅಲ್ಲಿಂದಲೇ ಸೆಕ್ರೆಟರಿಗೆ ಫೋನು ಮಾಡುತ್ತ ಮೆಟ್ಟಿಲಿಳಿದು ಓಡಿದರು. "ಸರ್, ಕೆಳಗಡೆ ಇನ್ನೊಂದು" ಎಂದು ಹುಡುಗಿ ಹೇಳಿದ್ದು ಬಾಗಿಲಿಗೆ ಕೇಳಿಸಿರಬೇಕು, ಅವರಿಗೆ ಕೇಳಿಸಲಿಲ್ಲ.

ಸೆಕ್ರೆಟರಿ ಆಟೋದಲ್ಲಿ ಬಂದು ಆಗಲೇ ಗೇಟಿನ ಹೊರಗೆ ನಿಂತಿದ್ದರು, ಜೇಬಿನಲ್ಲಿ ತಮ್ಮದೇ ಪೆನ್ನು. ಕಾವಲುಗಾರನ ಕೋಣೆಯ ಕಿಟಕಿಯ ಮೇಲೆ ಹಾಳೆ ಇಟ್ಟುಕೊಂಡು ದುಂಡಗೆ ಬರೆದರು:

'ಕಾಯಿಲೆ ಇಲ್ಲದವರ ಹೊಟ್ಟೆಯಲ್ಲೂ ಕಾಯಿಲೆಯ ಹುಳ ಇರಬಹುದು. ಅದು ಅವರಿಗೇ ಗೊತ್ತಿರುವುದಿಲ್ಲ. ನಮ್ಮ ಕಟ್ಟಡದಲ್ಲಿ ಅಂಥವರು ಯಾರೂ ಇಲ್ಲವೆಂದು ಯಂತ್ರದಲ್ಲಿ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಂಡಿದ್ದೇನೆ.'

ಕೆಳಗೆ ಸಹಿ. ಸಹಿಯ ಕೆಳಗೆ ಎರಡು ಗೀಟು. ಡಾಕ್ಟ್ರಿಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ನಿಜವಾಗಿಯೂ ಕಣ್ಣು ತುಂಬಿ ಬಂತು. ಏಳು ವರ್ಷದ ಪ್ರಯೋಗ, ಮೂರು ತಿಂಗಳ ಬರವಣಿಗೆ, ಒಂದು ದಿನದ ಈ ಪರದಾಟ, ಎಲ್ಲ ಈ ದುಂಡಕ್ಷರದಲ್ಲಿ ಬಂದು ನಿಂತಿತ್ತು. ಇನ್ನು ಪ್ರೊಫೆಸರಮ್ಮನ ಸಹಿಯೊಂದು ಬಾಕಿ.

ಪ್ರೊಫೆಸರಮ್ಮ ಕೆಟ್ಟವರಲ್ಲ, ಆದರೆ ಓದದೆ ಸಹಿ ಹಾಕುವವರಲ್ಲ. ಅನುಬಂಧ ಏಳರ ಮೇಲೆ ಅವರ ಕನ್ನಡಕ ನಿಂತಿತು.

"ಪರೀಕ್ಷೆ ಮಾಡಿಸಿ ಅಂದ್ರೆ? ಯಾರು ಮಾಡಿದ್ದು?"

"ನಾನೇ ಮೇಡಂ. ಹನ್ನೊಂದು ಮಾದರಿ. ಎಲ್ಲಾ ಶುದ್ಧ."

"ಕಂಟ್ರೋಲ್ ತೋರಿಸಿ."

ಕಂಟ್ರೋಲ್ ನೋಡದೆ ಪ್ರೊಫೆಸರಮ್ಮ ರಜಾ ಚೀಟಿಗೂ ಸಹಿ ಮಾಡುವುದಿಲ್ಲ ಎಂದು ಪ್ರತೀತಿ. ಡಾಕ್ಟ್ರು ಹುಡುಗಿಯನ್ನು ಕರೆದರು. ಅವಳು ಮುದ್ರಿಸಿದ ಹಾಳೆ ತಂದು ಮೇಜಿನ ಮೇಲಿಟ್ಟಳು. ಹನ್ನೊಂದು ಗೆರೆ ನೆಲಕ್ಕೆ ಮಲಗಿದ್ದವು. ಹನ್ನೆರಡನೆಯದು ಏಣಿ ಹಾಕಿಕೊಂಡವರಂತೆ ಮೇಲಕ್ಕೆ ಹತ್ತಿ ಹೋಗಿತ್ತು. ಅದಕ್ಕೆ ಅವಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು.

"ಕಂಟ್ರೋಲೇ ಕೆಟ್ಟಿದೆ" ಎಂದರು ಪ್ರೊಫೆಸರಮ್ಮ. "ಎಲ್ಲೋ ಬೆರಕೆಯಾಗಿದೆ. ಹನ್ನೊಂದನ್ನೂ ನಂಬೋ ಹಾಗಿಲ್ಲ."

"ಬೆರಕೆ ಅಲ್ಲ ಮೇಡಂ" ಎಂದಳು ಹುಡುಗಿ, ತೀರ ಮೆತ್ತಗೆ. "ಅಭ್ಯಾಸದಂತೆ ಅದನ್ನ ಮೂರು ಬೇರೆ ಬೇರೆ ಕೊಳವೆಯಲ್ಲಿ ಹಾಕಿದ್ದೆ. ಮೂರೂ ಹೀಗೇ ಬಂದಿವೆ. ಬರೀ ನೀರಿನದೂ ಒಂದು ಇಟ್ಟಿದ್ದೆ, ಅದು ಮಲಗಿದೆ."

"ಹಾಗಾದ್ರೆ ಮಾದರಿಯಲ್ಲೇ ಇದೆ. ಯಾರದು ಈ ಕಂಟ್ರೋಲ್?"

ಹುಡುಗಿ ನೆಲ ನೋಡಿದಳು. ಪ್ರೊಫೆಸರಮ್ಮ ಅವಳನ್ನು ನೋಡಿ, ಆಮೇಲೆ ನಿಧಾನವಾಗಿ ಡಾಕ್ಟ್ರತ್ತ ತಿರುಗಿದರು.

ಡಾಕ್ಟ್ರಿಗೆ ಕಾಲೇಜಿನಲ್ಲಿದ್ದಾಗ ಮೂರು ವಾರ ಬಿಡದೆ ಕಾಡಿದ ಜ್ವರವೊಂದು ನೆನಪಿಗೆ ಬಂತು. ಅದರ ಹಿಂದೆಯೇ ಇನ್ನೊಂದು. ಮದುವೆಯಾದ ಆರನೆಯ ತಿಂಗಳಿಗೆ ಹೆಂಡತಿಗೆ ಟೈಫಾಯ್ಡ್ ಬಂದಿತ್ತು. ಅವಳ ಶಾಲೆಯ ನೀರು ಸರಿಯಿಲ್ಲವೆಂದು ಡಾಕ್ಟ್ರು ಹೋಗಿ ಮುಖ್ಯೋಪಾಧ್ಯಾಯರ ಜೊತೆ ಜಗಳವಾಡಿ ಬಂದಿದ್ದರು. ಆ ಸಿಟ್ಟಿನಲ್ಲೇ ಟೈಫಾಯ್ಡಿನ ಮೇಲೆ ಸಂಶೋಧನೆ ಶುರುಮಾಡಿದ್ದರು. ಮನೆಯಲ್ಲಿ ಅಡುಗೆ ಮೊದಲ ದಿನದಿಂದಲೂ ಅವರದೇ. ಪಾಪ, ಎಷ್ಟು ಪ್ರೀತಿಯಿಂದ ಬಡಿಸಿದ್ದರು. ನಾಚಿಕೆಯಿಂದ ಅವರಿಗೆ ಅಲ್ಲೇ ಮೇಜಿನ ಕೆಳಗೆ ಹೋಗಿ ಕೂರೋಣ ಅನ್ನಿಸಿತು.

"ಏಳು ವರ್ಷ" ಎಂದರು ಪ್ರೊಫೆಸರಮ್ಮ. ಅವರ ದನಿ ನಡುಗುತ್ತಿತ್ತು. ಡಾಕ್ಟ್ರು ಅದನ್ನು ಕನಿಕರ ಎಂದುಕೊಂಡರು. "ಏಳು ವರ್ಷದಿಂದ ಹುಡುಕ್ತಾ ಇದ್ವಿ. ಎಷ್ಟು ಆಸ್ಪತ್ರೆ ಸುತ್ತಿದ್ವಿ. ನೀವು ಇಲ್ಲೇ ಇದ್ರಿ. ದಿನಾ ಬರ್ತಿದ್ರಿ."

"ಮೇಡಂ, ಅರ್ಜಿ..."

ಪ್ರೊಫೆಸರಮ್ಮ ಅರ್ಜಿಯನ್ನು ತಿರುವಿ ಅನುಬಂಧ ಎರಡನ್ನು ತೆಗೆದರು. ಅರ್ಜಿದಾರರಿಗೆ ಯಾವುದೇ ಸಾಂಕ್ರಾಮಿಕ ಸೋಂಕು ಇಲ್ಲವೆಂದು ಪ್ರಯೋಗಾಲಯದ ಮುಖ್ಯಸ್ಥರು ದೃಢೀಕರಿಸುವ ಪುಟ ಅದು.

"ಇದಕ್ಕೆ ನಾನು ಹೇಗೆ ಸಹಿ ಹಾಕ್ಲಿ, ಹೇಳಿ? ಬೇಜಾರು ಮಾಡ್ಕೋಬೇಡಿ. ಸಂಶೋಧನೆ ಮಾಡೋರು ತಮ್ಮ ಮೇಲೆ ತಾವೇ ಮಾಡೋ ಹಾಗೂ ಇಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ನಿನ್ನ ಅರ್ಜಿ ಎಲ್ಲಿದೆ?"

"ಡ್ರಾಯರಲ್ಲಿದೆ ಮೇಡಂ."

"ಅನುಬಂಧ ಏಳು?"

"ಹೋದ ತಿಂಗಳೇ ಮಾಡಿಸಿಟ್ಟಿದೀನಿ."

ನಾಲ್ಕೂಮುಕ್ಕಾಲಿಗೆ ಹುಡುಗಿ ಕಚೇರಿಗೆ ಹೋಗಿ ಅರ್ಜಿ ಒಪ್ಪಿಸಿ ಬಂದಳು. ಹೊರಡುವ ಮುಂಚೆ ಅದರಲ್ಲಿ ಒಂದೇ ಒಂದು ಪುಟ ಬದಲಾಯಿಸಿದ್ದಳು. 'ವಾಹಕರೊಬ್ಬರು ದೊರೆತಲ್ಲಿ' ಎಂದಿದ್ದ ಕಡೆ 'ದೊರೆತಿದ್ದಾರೆ' ಎಂದು ಮಾಡಿ, ವಿವರ ತುಂಬಿದ್ದಳು. ವಿವರಕ್ಕಾಗಿ ಡಾಕ್ಟ್ರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಗೋಡೆಗೆ ಒರಗಿಸಿ ಎತ್ತರ ಅಳೆದುಕೊಂಡಿದ್ದಳು. ಪ್ರೊಫೆಸರಮ್ಮ ಬೆನ್ನು ತಟ್ಟಿ, "ಗುತ್ತಿಗೆ ಮುಗಿದರೂ ನೀವು ಬರೋದು ನಿಲ್ಲಿಸಬಾರದು. ನೀವಿಲ್ಲದೆ ಈ ಪ್ರಯೋಗಾಲಯ ನಡೆಯಲ್ಲ" ಎಂದಿದ್ದರು. ಈ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಡಾಕ್ಟ್ರು ಎಷ್ಟೋ ವರ್ಷದಿಂದ ಕಾದಿದ್ದರು.

ಐದಕ್ಕೆ ಅವರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಬಾಟಲಿಗಳಿಲ್ಲದೆ ಹಗುರಾದ ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ ಹೆಂಡತಿಯ ಫೋನು ಬಂತು. ಶಾಲೆ ಬಿಟ್ಟ ಗದ್ದಲ ಹಿಂದೆ ಕೇಳಿಸುತ್ತಿತ್ತು.

"ರೀ, ಏನಾಯ್ತು? ಅರ್ಜಿ ಹೋಯ್ತಾ?"

"ಹೋಯ್ತು. ಹೊತ್ತಿಗೆ ಸರಿಯಾಗಿ ಹೋಯ್ತು."

"ಸದ್ಯ. ಮೇಡಂ ಏನಂದ್ರು?"

"ತುಂಬ ಖುಷಿಯಾಗಿದಾರೆ. 'ಈ ಸಲ ಸಿಕ್ಕೇ ಸಿಗುತ್ತೆ' ಅಂದ್ರು."

"ನೋಡಿದ್ರಾ, ನಾನು ಎಣಿಸಿದ್ದಕ್ಕೆ ಆಯ್ತು. ಪುಟ ಎಲ್ಲ ಸರಿ ಇತ್ತಾ? ಎಲ್ಲಾ ಕಡೆ ನಿಮ್ಮ ಹೆಸರು ನೆಟ್ಟಗೆ ಬಂದಿದೆ ತಾನೇ?"

ಡಾಕ್ಟ್ರು ತೊಡೆಯ ಮೇಲಿನ ಚೀಲವನ್ನು ನಾಲ್ಕು ಮಡಿಕೆ ಮಡಚಿದರು.

"ಹೆಸರು ಹಾಕೋ ಹಾಗಿಲ್ವಂತೆ" ಎಂದರು. "ವಯಸ್ಸು, ಎತ್ತರ, ತೂಕ ಎಲ್ಲಾ ನಂದೇ ಇದೆ."